ಮರಿಯಮ್ಮನವರ ಅಳತೆ

“ಹೊಲಿಯಲ್ಲ ಅಂದ್ರೆ ಹೊಲಿಯಲ್ಲ. ನೀನು ನನ್ನ ಕಾಲಿಗೆ ಬಿದ್ರೂ ಅಷ್ಟೇ.”

“ನಿನ್ನ ಕಾಲಿಗೆ ನಾನ್ಯಾಕೆ ಬೀಳ್ಲಿ? ಐದು ವರ್ಷ ದೊಡ್ಡೋಳು ಕಣೆ ನಾನು. ನಿನ್ನ ಮೂಗು ಒರೆಸಿದ ಕೈ ಇದು.”

“ಮೂಗು ಒರೆಸಿದ್ದಕ್ಕೆ ಬೊಂಬೆಗೆ ಬಟ್ಟೆ ಹೊಲೀಬೇಕಾ?”

“ಬೊಂಬೆ ಅನ್ಬೇಡ. ಮರಿಯಮ್ಮನವರ ಸ್ವರೂಪ ಅನ್ನು.”

ಅಜ್ಜಿ ಇದಕ್ಕೆ ಹೊಲಿಗೆ ಮಿಷನ್ ತುಳಿದು ಉತ್ತರ ಕೊಟ್ಟಳು. ಯಾರದೋ ಪ್ಯಾಂಟಿನ ಕಾಲು ಒಂದೇ ಉಸಿರಿಗೆ ಮುಗಿದುಹೋಯಿತು. ಅಕ್ಕತಂಗಿಯರ ನಡುವೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಒಂದು ನೀಲಿ ಬಟ್ಟೆಯ ಗಂಟು ಕೂತಿತ್ತು. ನಾನು ಸ್ಟೂಲಿನ ಮೇಲೆ ಕೂತು ಒಂದು ಕೋಟಿನ ಕಾಜಾಗಳ ದಾರ ಕತ್ತರಿಸುತ್ತಾ, ಕಾಲೇಜಿಗೆ ಹೊತ್ತಾಗುತ್ತಿದೆ ಎಂಬುದನ್ನು ಬೇಕೆಂದೇ ಮರೆತಿದ್ದೆ. ಇಂಥ ಜಗಳ ಬಿಟ್ಟು ಯಾರಾದರೂ ಎಕನಾಮಿಕ್ಸ್ ಕ್ಲಾಸಿಗೆ ಹೋಗುತ್ತಾರೆಯೇ!

ನನ್ನ ಅಜ್ಜಿಗೆ ಎಪ್ಪತ್ತನಾಲ್ಕು. ಐವತ್ತು ವರ್ಷದಿಂದ ಇದೇ ಕೋಣೆಯಲ್ಲಿ ಹೊಲಿಯುತ್ತಿದ್ದಾಳೆ. ಒಂದು ಕಿಟಕಿ, ಒಂದು ಮಿಷನ್, ಒಂದು ಕಲ್ಲಿದ್ದಲಿನ ಇಸ್ತ್ರಿಪೆಟ್ಟಿಗೆ (ಈಗ ಅದು ಬಾಗಿಲು ಬಡಿದುಕೊಳ್ಳದಂತೆ ಒತ್ತಿಹಿಡಿಯಲು ಮಾತ್ರ), ಆಳೆತ್ತರದ ಒಂದು ಕನ್ನಡಿ. ಬೀದಿಯವರಿಗೆಲ್ಲ ಅವಳು ‘ಟೇಪಮ್ಮ’. ಒಂದು ಭಾನುವಾರ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಚರ್ಚಿಗೆ ಹೋಗಿ, ಪ್ರಸಂಗ ಮುಗಿಯುವವರೆಗೂ ಗೊತ್ತಿಲ್ಲದೆ ಕೂತಿದ್ದಳಂತೆ. ನಮ್ಮದು ಪ್ರೊಟೆಸ್ಟೆಂಟ್ ಚರ್ಚು, ಗೋಡೆಗಳ ಮೇಲೆ ಒಂದು ಮರದ ಶಿಲುಬೆ ಬಿಟ್ಟರೆ ಏನೂ ಇಲ್ಲ, ಹಾಗಾಗಿ ಎಲ್ಲರ ಕಣ್ಣೂ ಆ ಟೇಪಿನ ಮೇಲೆಯೇ!

ಅವಳ ಅಕ್ಕ, ಅಂದರೆ ನಮ್ಮ ದೊಡ್ಡಜ್ಜಿ, ಮದುವೆಯಾಗಿ ಕಥೋಲಿಕ ಮನೆ ಸೇರಿದವಳು. ಸೇರಿದ ಮೇಲೆ ಅಲ್ಲಿಯವಳೇ ಆಗಿಬಿಟ್ಟಳು. ಜಪಸರ, ಮೇಣದಬತ್ತಿ, ಯೇಸುವಿನ ತಾಯಿ ಮರಿಯಮ್ಮನವರು. ಅಕ್ಕತಂಗಿಯರು ವಾರಕ್ಕೆರಡು ಸಲ ಭೇಟಿಯಾಗುತ್ತಾರೆ, ಎರಡು ಸಲವೂ ಇದೇ ವಾದ.

“ಮಗ ಬಾಗಿಲಲ್ಲೇ ನಿಂತಿರುವಾಗ ಅಮ್ಮನ ಕೈಯಲ್ಲಿ ಚೀಟಿ ಯಾಕೆ ಕಳಿಸ್ಬೇಕು?” ಎನ್ನುತ್ತಾಳೆ ಅಜ್ಜಿ.

“ನನಗೋಸ್ಕರ ಪ್ರಾರ್ಥನೆ ಮಾಡು ಅಂತ ನಿನ್ನ ಹತ್ರ ಕೇಳಲ್ವಾ ನಾನು? ಹಾಗೇ ಅವಳ ಹತ್ರಾನೂ ಕೇಳೋದು.”

“ನಾನು ಬದುಕಿದ್ದೀನಿ.”

“ಅವಳೂ ಬದುಕಿದ್ದಾಳೆ, ದೇವರ ಹತ್ರ. ನಿನಗಿಂತ ಚೆನ್ನಾಗಿದ್ದಾಳೆ, ಮಂಡಿನೋವಿಲ್ಲ.”

ಆಮೇಲೆ ಇಬ್ಬರೂ ಟೀ ಕುಡಿಯುತ್ತಾರೆ.

ಆದರೆ ಅವತ್ತಿನದು ಬರೀ ವಾದವಲ್ಲ. ದೊಡ್ಡಜ್ಜಿಯ ಚರ್ಚಿನಲ್ಲಿ ಮರಿಯಮ್ಮನವರ ಪ್ರತಿಮೆಗೆ ವರ್ಷಕ್ಕೊಮ್ಮೆ ಹೊಸ ನೀಲಿ ಮೇಲುಹೊದಿಕೆ ಹಾಕುತ್ತಾರೆ. ಇಪ್ಪತ್ತೇಳು ವರ್ಷದಿಂದ ಅದನ್ನು ಕೈಯಲ್ಲೇ ಹೊಲಿದುಕೊಟ್ಟವಳು ದೊಡ್ಡಜ್ಜಿ. ಗಂಡ ಹೋದ ಮೇಲೆ, ಮಕ್ಕಳು ಅವರವರ ಪಾಡಿಗೆ ಆದಮೇಲೆ, ಇದು ತನ್ನದು ಎಂದು ಅವಳಿಗೆ ಉಳಿದಿದ್ದ ಕೆಲಸ ಇದೊಂದೇ. ಈ ವರ್ಷ ಅವಳ ಕೈ ನಡುಗಲು ಶುರುವಾಗಿದೆ. ಭಾನುವಾರಕ್ಕೆ ಹೊದಿಕೆ ಸಿದ್ಧವಾಗದಿದ್ದರೆ ಫಾದರ್ ಅಂಗಡಿಯಿಂದ ರೆಡಿಮೇಡ್ ತರಿಸುತ್ತಾರೆ. ಒಂದು ಸಲ ರೆಡಿಮೇಡ್ ಬಂದರೆ ಮುಗಿಯಿತು, ಮುಂದಿನ ವರ್ಷ ಅವಳನ್ನು ಯಾರೂ ಕೇಳುವುದಿಲ್ಲ.

“ಯೋಚನೆ ಮಾಡು,” ಎಂದು ದೊಡ್ಡಜ್ಜಿ ಗಂಟನ್ನು ಅಲ್ಲೇ ಬಿಟ್ಟು ಎದ್ದಳು. ಕೊಡೆಯನ್ನೂ ಮರೆತು ಹೋದಳು.

ಎರಡು ದಿನ ಅಜ್ಜಿ ಆ ಗಂಟಿನ ಜಾಗವನ್ನು, ಬೆಕ್ಕು ಮರಿಗಳ ಜಾಗ ಬದಲಾಯಿಸುವ ಹಾಗೆ, ಬದಲಾಯಿಸುತ್ತಿದ್ದಳು. ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಕಪಾಟಿಗೆ. ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಹೊಲಿದುಬಿಟ್ರೆ ಏನಾಗುತ್ತೆ? ಬಟ್ಟೆ ತಾನೇ?”

ಅವಳು ಕನ್ನಡಕ ತೆಗೆದು ತೊಟ್ಟಿದ್ದ ಹಳೆಯ ಫ್ರಾಕಿನ ತುದಿಯಲ್ಲಿ ಒರೆಸಿಕೊಂಡಳು.

“ನಿಮ್ಮಜ್ಜ ಹೋದಾಗ ನನಗೆ ಮೂವತ್ತಾರು. ಮೂರು ಮಕ್ಕಳು. ಈ ಕೋಣೇಲಿ ಬಾಗಿಲು ಹಾಕ್ಕೊಂಡು ನಾನು ನೇರವಾಗಿ ದೇವರ ಹತ್ರಾನೇ ಜಗಳ ಆಡಿದ್ದು. ಮಧ್ಯೆ ಯಾರನ್ನೂ ಕರೀಲಿಲ್ಲ. ಅವನೂ ಯಾರನ್ನೂ ಕಳಿಸ್ಲಿಲ್ಲ, ತಾನೇ ಕೂತು ಕೇಳಿಸ್ಕೊಂಡ. ನನ್ನದು ಅಂತ ಇರೋದು ಅದೊಂದೇ ಕಣೋ. ಇದನ್ನ ಹೊಲಿದು ಅದನ್ನ ಸುಳ್ಳು ಮಾಡ್ಕೊಂಡ್ರೆ?”

ನಾನು ಕಪಾಟಿನಿಂದ ಗಂಟು ತೆಗೆದು ಬಿಚ್ಚಿದೆ. ಬಟ್ಟೆಯ ಒಂದು ಅಂಚಿನಲ್ಲಿ ಗೇಣುದ್ದ ಹೊಲಿಗೆ ಇತ್ತು, ಕೋಳಿ ಕೆದರಿದ ಹಾಗೆ ಸೊಟ್ಟಸೊಟ್ಟ. ಅಜ್ಜಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆಯ ಪಕ್ಕದಲ್ಲಿ ಸಾಲುಸಾಲು ಸಣ್ಣ ತೂತುಗಳು. ಅವಳು ಬೆರಳಿಟ್ಟು ಎಣಿಸಿದಳು.

“ಐದು ಸಲ ಬಿಚ್ಚಿದ್ದಾಳೆ,” ಎಂದಳು. “ಐದು ಸಲ ಬಿಚ್ಚಿ ಆರನೇ ಸಲ ಹಾಕಿರೋದು ಇದು. ಬಾಯಿಬಿಟ್ಟು ಹೇಳಿದ್ಲಾ ನೋಡು.”

ಸ್ವಲ್ಪ ಹೊತ್ತು ಆ ತೂತುಗಳನ್ನು ಉಗುರಿನಿಂದ ಸವರಿ ಮುಚ್ಚುತ್ತಾ ಕೂತಳು. ಆಮೇಲೆ, “ಬೊಂಬೆಗಲ್ಲ, ನಮ್ಮಕ್ಕನಿಗೆ ಹೊಲಿತೀನಿ. ದೇವರಿಗೆ ಅಷ್ಟು ಅರ್ಥ ಆಗದೆ ಇರಲ್ಲ. ನಡಿ, ಅಳತೆ ತಗೋಬೇಕು,” ಎಂದು ಎದ್ದೇಬಿಟ್ಟಳು!

ಹಳೆಯ ಹೊದಿಕೆಯನ್ನೇ ಅಳತೆಗೆ ತರಿಸಬಹುದಿತ್ತು. ಆದರೆ ಟೇಪಮ್ಮ ಇನ್ನೊಬ್ಬರು ಹೊಲಿದದ್ದನ್ನು ನಂಬಿ ಕತ್ತರಿ ಹಿಡಿದವಳಲ್ಲ. ಗುರುವಾರ ಮಧ್ಯಾಹ್ನ, ಚರ್ಚ್ ಖಾಲಿ ಇದ್ದಾಗ ಹೋದೆವು. ಅಜ್ಜಿ ಆ ಬಾಗಿಲು ದಾಟಿದ್ದು ಅಕ್ಕನ ಮದುವೆಯ ದಿನ ಬಿಟ್ಟರೆ ಅದೇ ಮೊದಲು. ಪಕ್ಕದ ಪೀಠದ ಮೇಲೆ ಪ್ಲಾಸ್ಟರಿನ ಪ್ರತಿಮೆ ನಿಂತಿತ್ತು, ಸುಮಾರು ನನ್ನ ಭುಜದೆತ್ತರ, ಎಡತೋಳಿನಲ್ಲಿ ಮಗು. ಅಜ್ಜಿ ತಲೆ ಬಾಗಿಸಲಿಲ್ಲ, ಶಿಲುಬೆಯ ಗುರುತು ಮಾಡಲಿಲ್ಲ. ಏಣಿ ಹತ್ತಿ, ಟೇಪು ಹಿಡಿದು, ನನಗೆ ಅಂಕಿಗಳನ್ನು ಹೇಳುತ್ತಾ ಹೋದಳು. ಕತ್ತು, ಭುಜ, ಬೆನ್ನು. ಮಗುವಿನ ಹತ್ತಿರ ಬಂದಾಗ ಮಾತ್ರ ಯಾಕೋ ನಿಧಾನಿಸಿದಳು.

ಶುಕ್ರವಾರವೆಲ್ಲ ಹೊಲಿದಳು. ಶನಿವಾರ ಟ್ರಯಲ್. ದೊಡ್ಡಜ್ಜಿ ನಮಗಿಂತ ಮೊದಲೇ ಬಂದು ಏಣಿ ಹಿಡಿದು ನಿಂತಿದ್ದಳು. ಅಜ್ಜಿ ಹೊದಿಕೆ ಹೊದಿಸಿ, ಕತ್ತಿನ ಹತ್ತಿರ ಕೊಂಡಿ ಹಾಕಿ ಕೆಳಗಿಳಿದಳು. ಎರಡು ಹೆಜ್ಜೆ ಹಿಂದೆ ಬಂದು ನೋಡಿದೆವು. ಎಂಥ ಚೆಂದ! ಅಷ್ಟರಲ್ಲಿ ಹೊದಿಕೆ ನಿಧಾನವಾಗಿ ಎಡಭುಜದಿಂದ ಜಾರಿ ಮೊಣಕೈಗೆ ಬಂದು ನಿಂತಿತು. ಅಜ್ಜಿ ಮತ್ತೆ ಹತ್ತಿದಳು, ಸರಿಮಾಡಿದಳು. ಮತ್ತೆ ಜಾರಿತು.

ಐವತ್ತು ವರ್ಷದಲ್ಲಿ ಟೇಪಮ್ಮನ ಬಟ್ಟೆ ಯಾರ ಮೈಮೇಲೂ ಜಾರಿದ್ದಿಲ್ಲ!

“ಎಷ್ಟು ಲೂಸ್ ಬಿಟ್ಟಿದ್ದೀಯೆ?” ಎಂದಳು ದೊಡ್ಡಜ್ಜಿ.

“ಎಲ್ಲರಿಗೂ ಬಿಡೋವಷ್ಟೇ. ಉಸಿರಾಡೋಕೆ ಎರಡು ಇಂಚು. ಎಡಗಡೆ ಇನ್ನೊಂದು ಇಂಚು, ಮಗು ಎತ್ಕೊಂಡ ತೋಳು...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ದೊಡ್ಡಜ್ಜಿ ನಗಲು ಶುರುಮಾಡಿದಳು. ಬೆಂಚು ಹಿಡಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬೊಂಬೆ ಬೊಂಬೆ ಅಂತ ಅರವತ್ತು ವರ್ಷ ನನ್ನ ಪ್ರಾಣ ತಿಂದಳು! ಪ್ಲಾಸ್ಟರ್‌ಗೆ ಉಸಿರಾಡೋಕೆ ಜಾಗ ಬಿಟ್ಟಿದ್ದಾಳೆ!”

“ನಗ್ಬೇಡ. ಕೈ ಅಭ್ಯಾಸ.”

“ಕೈಗೇ ಗೊತ್ತು ಬಿಡು, ಬಾಯಿಗಿಂತ ಚೆನ್ನಾಗಿ.”

ಅಜ್ಜಿಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಅವಳು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತಳು. “ನಾನು ಪೂಜೆಗೀಜೆ ಮಾಡ್ಲಿಲ್ಲ ಕಣೆ. ಒಂದು ಹೆಂಗಸು, ಮಗೂನ ಎತ್ಕೊಂಡು ಇಷ್ಟೊತ್ತು ನಿಂತಿದ್ದಾಳಲ್ಲ, ತೋಳು ಸೋತಿರುತ್ತೆ ಅನ್ನಿಸ್ತು. ಅಷ್ಟೇ.”

“ನಾವೂ ಪೂಜೆ ಮಾಡಲ್ಲ ಅಂತ ಎಷ್ಟು ಸಲ ಹೇಳ್ಲಿ? ನನಗೂ ಅಷ್ಟೇ ಅನ್ಸೋದು. ಅನ್ಸಿದ್ದನ್ನ ಅವಳ ಹತ್ರ ಹೇಳ್ತೀನಿ. ನೀನು ಹೇಳಲ್ಲ.”

“ನಾನು ಹೇಳಲ್ಲ,” ಎಂದಳು ಅಜ್ಜಿ. ಆದರೆ ಅಕ್ಕನ ನಡುಗುವ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಎರಡೂ ಅಂಗೈ ಮುಚ್ಚಿ ಹಿಡಿದುಕೊಂಡಳು. ನಡುಕ ನಿಲ್ಲಲಿಲ್ಲ. ಅವಳೂ ಬಿಡಲಿಲ್ಲ.

ಅಷ್ಟರಲ್ಲಿ ಫಾದರ್ ಬಂದರು. ಹೊದಿಕೆಯನ್ನು ನೋಡಿ, “ಈ ಸಲ ಮಿಷನ್ ಹೊಲಿಗೆನಾ? ಯಾರು ಹೊಲಿದಿದ್ದು?” ಎಂದು ಕೇಳಿದರು. ದೊಡ್ಡಜ್ಜಿಯ ಮುಖ ಸಣ್ಣಗಾಯಿತು.

“ಕೆಲಸ ನಮ್ಮಕ್ಕಂದು ಫಾದರ್,” ಎಂದಳು ಅಜ್ಜಿ. “ಕೈ ಸ್ವಲ್ಪ ನಡುಗುತ್ತೆ ಅವಳಿಗೆ. ಬಟ್ಟೆ ಆರಿಸೋದು, ಎಲ್ಲಿ ಹೇಗೆ ಬರಬೇಕು ಅನ್ನೋದು ಎಲ್ಲ ಅವಳೇ. ನಾನು ಬರೀ ಮಿಷನ್ ತುಳಿಯೋ ಕೂಲಿ. ಇನ್ಮುಂದೆ ಪ್ರತಿ ವರ್ಷ ಹೀಗೇ.”

“ನೀವು ನಮ್ಮ ಚರ್ಚಿನವರಾ?”

“ಅಲ್ಲ. ಅವಳ ತಂಗಿ.”

ಫಾದರ್ ನಕ್ಕು, ಹಾಗಾದರೆ ರೆಡಿಮೇಡಿಗೆ ಹೇಳುವುದಿಲ್ಲ ಎಂದು ಹೊರಟರು. ದೊಡ್ಡಜ್ಜಿ ಮೂಗು ಒರೆಸಿಕೊಂಡಳು, ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

ಅಜ್ಜಿ ಭಾನುವಾರದ ಮಟ್ಟಿಗೆ ಭುಜದ ಹತ್ತಿರ ನಾಲ್ಕು ಪಿನ್ನು ಚುಚ್ಚಿದಳು, ಒಳಗಡೆಯಿಂದ, ಕಾಣದಂತೆ. ಪಿನ್ನಿನ ಮೇಲೆ ನಿಂತ ಬಟ್ಟೆಯನ್ನು ಅವಳು ಸಹಿಸುವವಳಲ್ಲ.

“ಬುಧವಾರ ಮೂರು ಗಂಟೆಗೆ ಬರ್ತೀನಿ,” ಎಂದಳು ಏಣಿಯಿಂದಲೇ. “ನೀನೂ ಬಾ. ನಾನು ಬಿಚ್ಚಿ ಹೊಲೀತೀನಿ, ನೀನು ಬಟ್ಟೆ ಹಿಡ್ಕೋಬೇಕು. ಮೊದಲೇ ಹೇಳಿರ್ತೀನಿ, ನಿಮ್ಮ ಜಪಕ್ಕೆಲ್ಲ ನಾನು ನಿಲ್ಲಲ್ಲ.”

“ನಿಲ್ಲಬೇಡ. ಕೂತ್ಕೋ.”

“ಎಷ್ಟು ಬಿಚ್ತೀಯ ಅಜ್ಜಿ, ಮೂರಿಂಚೂನಾ?” ಎಂದೆ ನಾನು, ಏಣಿ ಹಿಡಿದುಕೊಂಡೇ.

ಅಜ್ಜಿ ಪ್ರತಿಮೆಯ ಎಡಭುಜವನ್ನು ಒಂದು ಗಳಿಗೆ ನೋಡಿದಳು. “ಎರಡು ತೆಗೆದ್ರೆ ಸಾಕು. ಮಗು ಕಡೆದು ಇರ್ಲಿ, ಅಲ್ಲೊಂದು ಕೊಂಡಿ ಹಾಕ್ತೀನಿ.”

ಬುಧವಾರ ಮಧ್ಯಾಹ್ನ ನನಗೆ ಎರಡು ಕ್ಲಾಸುಗಳಿವೆ. ಏಣಿ ಯಾರು ಹಿಡಿಯುತ್ತಾರೆ? ನಾನು ಚರ್ಚಿಗೇ ಹೋಗುತ್ತಿದ್ದೇನೆ.