ಹರಳೆಣ್ಣೆ ಕುಡಿದ ಕಾರು

ನಮ್ಮ ಮನೆಯವರು ಆ ಕಾರನ್ನು ಕೊಂಡದ್ದು ಯುದ್ಧ ಶುರುವಾಗುವ ಮುಂಚೆ, ಹಾಸನದಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರರಿಂದ. ಚಿಕ್ಕ ಕಾರು, ಆಗಲೇ ಹಳೆಯದು. ಮುಂದೆ ಇಬ್ಬರು ಕೂತರೆ ಮಂಡಿಗೆ ಮಂಡಿ ತಾಗುತ್ತಿತ್ತು. ಅರಕಲಗೂಡಿನ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡವರಿಗೆ ಅದು ಯಾವ ಉಪಯೋಗಕ್ಕೆ? ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಾನು ಅವತ್ತೇ ಅಂದಿದ್ದೆ. ಅವರು ನಕ್ಕುಬಿಟ್ಟಿದ್ದರು.

ನಮ್ಮತ್ತೆ ನಗಲಿಲ್ಲ. ನಾವು ಜೈನರು, ವ್ರತ ನೇಮದಲ್ಲಿ ಅತ್ತೆ ನಮ್ಮೆಲ್ಲರಿಗಿಂತ ಒಂದು ಕೈ ಮೇಲು. ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಕಾರಿನ ಕೀಲುಗಳಿಗೆ ಗ್ರೀಸು ಹಾಕುತ್ತಾರೆ, ಗ್ರೀಸು ಅಂದರೆ ದನದ ಕೊಬ್ಬು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕೊಬ್ಬು ಸವರಿದ ಗಾಡಿ ನನ್ನ ಹೊಸಿಲ ಮುಂದೆ ನಿಲ್ಲಕೂಡದು ಅಂದರು. ನಮ್ಮವರು ತಾಯಿಯ ಬಾಯಿ ಮುಚ್ಚಿಸಲೆಂದೋ, ತಮಗೂ ಒಳಗೊಳಗೆ ಅಳುಕಿತ್ತೋ, ಇದ್ದ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿ ಕೀಲುಕೀಲಿಗೂ ಹರಳೆಣ್ಣೆ ಬಿಡಿಸಿದರು. ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯೂ ಹರಳೆಣ್ಣೆಯದೇ ಅಲ್ಲವೇ, ತಾತಂದಿರ ಕಾಲದಿಂದ ಗಾಡಿಗಳು ಓಡಿಲ್ಲವೇ ಎಂಬುದು ಅವರ ವಾದ. ಹಾಸನದ ಮೆಕ್ಯಾನಿಕ್ ಸಾಬರು ತಲೆ ಚಚ್ಚಿಕೊಂಡರು.

"ಸಾವ್ಕಾರ್ರೇ, ಗಾಡಿಯೋರು ದಿನಾ ಬಳೀತಾರೆ. ನೀವು ದಿನಾ ಬಳೀತೀರಾ?"

ನಮ್ಮವರು ಹಿಡಿದ ಮೊಲಕ್ಕೆ ಮೂರೇ ಕಾಲು. ಮನೆಗೆ ಬಂದವರೇ ನನ್ನಿಂದ ಒಂದು ಬಟ್ಟಲು ಹರಳೆಣ್ಣೆ ಇಸಿದುಕೊಂಡು ಕಾರಿನಡಿ ತೂರಿದರು.

ಇಷ್ಟಾದರೂ ಅತ್ತೆ ಅದನ್ನು ಹತ್ತಲಿಲ್ಲ. ಒಂದು ಮಳೆಗಾಲ, ನೆಂಟರೆಲ್ಲ ಸೇರಿದ್ದ ದಿನ, ಕಾರು ಕೊಟ್ಟಿಗೆಯಿಂದ ಹಿಂದಕ್ಕೆ ಬರುವಾಗ ಚಕ್ರಕ್ಕೆ ಒಂದು ಕಪ್ಪೆ ಸಿಕ್ಕಿತು. ಅತ್ತೆ ಅದನ್ನು ಕಂಡು, "ಜೀವ ತೆಗೆಯೋ ಗಾಡಿ ಓಡಿಸೋನ ಕೈ ಅನ್ನ ನಂಗೆ ಬ್ಯಾಡ" ಅಂದರು. ಅಷ್ಟು ಜನರ ಎದುರಿಗೆ ಮಗನ ಮುಖ ಕೆಂಪಾಯಿತು. "ಬ್ಯಾಡದಿದ್ರೆ ಮಗಳ ಮನೇಗೋಗಿ ತಿನ್ನು" ಅಂದುಬಿಟ್ಟರು. ಹೆತ್ತ ತಾಯಿಗೆ! ಮಾರನೆಯ ಬೆಳಿಗ್ಗೆ ಅತ್ತೆ ಗಾಡಿ ಕಟ್ಟಿಸಿಕೊಂಡು ಚನ್ನರಾಯಪಟ್ಟಣಕ್ಕೆ, ಮಗಳ ಮನೆಗೆ ಹೊರಟುಹೋದರು. ಇವರು ಅಂಗಡಿಯಿಂದ ಎದ್ದು ಬರಲಿಲ್ಲ. ಆಮೇಲೆ ವರ್ಷಗಳು ಕಳೆದವು. ಹಬ್ಬಕ್ಕೆ ನಾನು ಹೋಗಿ ಬರುತ್ತಿದ್ದೆ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರನ್ನೂ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಹೆಚ್ಚಾಗಿ ಇವರನ್ನೇ.

ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ನು ಬಂತು. ಕಾರು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿತು. ಅದರ ಕೀಲುಗಳಲ್ಲಿದ್ದ ಹರಳೆಣ್ಣೆ ಧೂಳು ಕುಡಿದು, ಒಣಗಿ, ಅಂಟಾಯಿತು. ಇದು ನನಗೆ ತಿಳಿದದ್ದು ಆಮೇಲೆ.

ಒಂದು ಬೆಳಿಗ್ಗೆ ನಾದಿನಿಯ ಮನೆಯ ಆಳು, ರಾತ್ರಿಯೇ ಹೊರಟವನು, ಬೈಸಿಕಲ್ಲಿನಲ್ಲಿ ಬಂದ. ಅತ್ತೆ ಸಲ್ಲೇಖನ ಹಿಡಿದಿದ್ದಾರೆಂದು ನಮಗೆ ಗೊತ್ತಿತ್ತು. ಮುಪ್ಪಿನಲ್ಲಿ, ಇನ್ನು ದೇಹ ಸಾಕು ಅನ್ನಿಸಿದಾಗ, ಆಹಾರವನ್ನು ಒಂದೊಂದಾಗಿ ಬಿಡುತ್ತ ಬಂದು ಕೊನೆಗೆ ನೀರನ್ನೂ ಬಿಡುವ ವ್ರತ. ನೀರು ಬಿಡುವ ಮೊದಲು ಬಂಧುಬಳಗ, ಆಳುಕಾಳು ಎಲ್ಲರನ್ನೂ ಕರೆಸಿ ಕ್ಷಮೆ ಕೇಳಬೇಕು, ಅವರನ್ನೂ ಕ್ಷಮಿಸಬೇಕು.

"ಅಮ್ಮಾರು ಇವತ್ತು ನೀರ್ ಬುಡ್ತಾರಂತೆ. ಜೀವ ಇವತ್ತೋ ನಾಳೆಯೋ ಅನ್ನಂಗದೆ. ಎಲ್ಲಾರ್ತಾವೂ ಕೇಳಾಯ್ತು. ಮಗನ್ನ ಒಬ್ಬನ್ನ ಕೇಳ್ಬೇಕು ಅಂತ ಕಾಯ್ತಾವ್ರೆ" ಅಂದ. ಹಾಸನದ ನೆಂಟರಿಗೂ ತಿಳಿಸಬೇಕೆಂದು ನೀರು ಕುಡಿದು ಹೊರಟೇಹೋದ.

ನಮ್ಮವರು ಜಗಲಿಯ ಮೇಲೆ ಕುಸಿದರು. "ಅವ್ವ ನನ್ನ ಕ್ಷಮೆ ಕೇಳೋದೇ? ಕೇಳ್ಬೇಕಾದೋನು ನಾನು ಕಣೇ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಸಮಾಧಾನವೇ ಆಯಿತು, ಇಷ್ಟು ದಿನಕ್ಕೆ ಬುದ್ಧಿ ಬಂತಲ್ಲ ಎಂದು.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸನ್ನು ನಂಬುವಂತಿರಲಿಲ್ಲ. ಉಳಿಸಿಟ್ಟಿದ್ದ ಪೆಟ್ರೋಲು ಸುರಿದು ಕಾರಿನಲ್ಲೇ ಹೊರಟೆವು. ಕ್ಲಚ್ಚು ತುಳಿಯಲು ಅವರು ಬೆನ್ನನ್ನು ಸೀಟಿಗೆ ಒತ್ತಿ ತಿಣುಕಬೇಕಾಗಿತ್ತು. ತುಳಿದಾಗಲೆಲ್ಲ ಕೆಳಗೆ ಕಿರ್ ಅನ್ನುತ್ತಿತ್ತು. ಹೊಳೆನರಸೀಪುರ ಕಳೆದು, ಹೊಳೆ ದಾಟಿ, ಒಂದು ಏರಿನಲ್ಲಿ ಗೇರು ಬದಲಿಸಲು ಹೋದರು. ಟಣ್ ಎಂದು ಸದ್ದಾಯಿತು, ಕಾಲು ಹಲಗೆಗೆ ಧಡ್ಡನೆ ಬಡಿಯಿತು. ಕ್ಲಚ್ಚಿನ ಪೆಡಲಿನಲ್ಲಿ ಬಿಗಿಯೇ ಇಲ್ಲ. ಗೇರು ಕರಕರ ಅಂದು ಎಂಜಿನ್ ನಿಂತಿತು.

"ಕ್ಲಚ್ ಪ್ಲೇಟೇ ಹೋಯ್ತು. ಹಾಸನಕ್ಕೆ ಎಳೆಸ್ಬೇಕು" ಎಂದು ತಲೆಯ ಮೇಲೆ ಕೈಹೊತ್ತರು.

"ಮೊದ್ಲು ಬಗ್ಗಿ ನೋಡಿ" ಅಂದೆ. ಕಾಲಡಿಯ ಹಲಗೆ ಎತ್ತಿದೆವು. ಕೈಯಿಂದ ಪೆಡಲ್ ಒತ್ತಿದರೆ ಅದಕ್ಕೆ ಸೇರಿದ ಕಂಬಿ ಮುಂದೆ ಬರುತ್ತಿತ್ತು, ಕ್ಲಚ್ಚಿನ ಸನ್ನೆಕೋಲು ಮಾತ್ರ ಅಲುಗುತ್ತಿರಲಿಲ್ಲ. ಕಂಬಿಯನ್ನು ಸನ್ನೆಕೋಲಿಗೆ ಸೇರಿಸುವ ಪಿನ್ನು ಇರಬೇಕಾದ ಕಡೆ ಬರಿಯ ತೂತು. ಸುತ್ತ ಕರಿಯ ಅಂಟು, ಅದರೊಳಗೆ ಮರಳು. ಅಂಟಿನಲ್ಲಿ ತಿರುಗಲಾರದೆ ಪಿನ್ನು ಉಜ್ಜಿ ಉಜ್ಜಿ ಸವೆದು ಮುರಿದಿತ್ತು. ಅರ್ಧ ತುಂಡು ಹಿಂದೆ ರಸ್ತೆಯಲ್ಲಿ ಸಿಕ್ಕಿತು. ಪ್ಲೇಟು ನೆಟ್ಟಗೇ ಇತ್ತು. ಬೆರಳುದ್ದದ ಕಬ್ಬಿಣಕ್ಕೆ ನಾವು ಅಲ್ಲಿ ನಿಂತಿದ್ದೆವು.

ಹತ್ತಿರದ ಹಳ್ಳಿಯಲ್ಲಿ ಒಂದು ಕುಲುಮೆ ಇತ್ತು. ಕಮ್ಮಾರ ಬಂದು ತೂತಿಗೆ ಬೆರಳಿಟ್ಟು ನೋಡಿದ. "ತೂತು ಉದ್ದುಕ್ಕೆ ಸವ್ದೋಗದೆ ಬುದ್ಧಿ. ದಪ್ಪನ್ ಕೀಲೇ ಆಗ್ಬೇಕು. ವಸಿ ವೊತ್ತಾಯ್ತದೆ."

"ಗಾಡಿ ಕಟ್ಟಿಸ್ಕೊಂಡು ಹೋಗ್ಬಿಡೋಣ" ಅಂದೆ ನಾನು. "ಗಾಡಿ ಸಂಜೆಗೆ ಮುಟ್ಟುತ್ತೆ. ಇದು ಈಗ ಆಗಿಹೋಗುತ್ತೆ" ಅಂದರು. ಯಾರು ಸರಿ ಎಂದು ಈಗ ಹೇಳಿ ಏನು ಫಲ?

ಹಳೆಯ ಬೋಲ್ಟೊಂದನ್ನು ಕಾಯಿಸಿ, ಬಡಿದು, ಅರದಿಂದ ಉಜ್ಜಿ ಅವನು ಕೀಲು ಮಾಡಿದ. ಮೊದಲನೆಯದು ದಪ್ಪವಾಯಿತು, ಮತ್ತೆ ಅರ. ಬಿಸಿಲು ನೆತ್ತಿಗೆ ಬಂತು. ನಮ್ಮವರು ಹೊಂಗೆ ಮರದಡಿ ಕೂತು, ಎದ್ದು, ಮತ್ತೆ ಕೂತರು. ಕೀಲೇನೋ ಕೂತಿತು, ಆದರೆ ಬಿಗಿಯಾಗಿ ಕಚ್ಚಿಕೊಂಡು ತಿರುಗಲೊಲ್ಲದು.

"ಏನಾರಾ ಜಿಡ್ಡು ಅಚ್ಚಬೇಕು ಬುದ್ಧಿ. ಕುಲುಮೆ ಊದೋ ತಿದಿ ಚರ್ಮಕ್ಕೆ ಅಚ್ಚೋ ಕುರಿ ಕೊಬ್ಬದೆ. ಆಗ್ಬೋದಾ?" ಅಂದ ಕಮ್ಮಾರ.

ನಾನು ನಮ್ಮವರ ಮುಖ ನೋಡಿದೆ. ಗ್ರೀಸಿನಲ್ಲಿ ಕೊಬ್ಬಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಇದು ಮಾತ್ರ ಕೊಬ್ಬೇ. ಅವರು ಹೊತ್ತನ್ನು ನೋಡಿದರು.

"ಹಚ್ಚಪ್ಪ" ಅಂದರು. ಅವನು ಹಚ್ಚಿದ. ಕಣ್ಣಿಗೆ ಕಾಣದ ಒಳಗಡೆಗೆ ಇವರೇ ಬೆರಳಲ್ಲಿ ಕೊಬ್ಬು ತೆಗೆದು ಮೆತ್ತಿದರು. ಕೀಲಿನ ತುದಿಗೆ ತಂತಿ ಸುತ್ತಿ ತುಳಿದರೆ ಕ್ಲಚ್ಚು ಮೆತ್ತಗೆ ಕೆಳಗಿಳಿಯಿತು. ಕೊಂಡಂದಿನಿಂದ ಅಷ್ಟು ಹಗುರವಾಗಿ ಅದು ಇಳಿದಿರಲಿಲ್ಲ.

ಚನ್ನರಾಯಪಟ್ಟಣದ ಕೆರೆ ಕಂಡಾಗ ಕಾರು ನಿಲ್ಲಿಸಿದರು. ಇಳಿದುಹೋಗಿ ಮಣ್ಣು ಹಚ್ಚಿ ಹಚ್ಚಿ ಕೈ ತೊಳೆದರು. ಮೂಸಿ ನೋಡಿಕೊಂಡರು, ಮತ್ತೆ ತೊಳೆದರು. "ನಡೀರಿ, ಹೊತ್ತಾಯ್ತು" ಎಂದು ನಾನು ಕೂಗಿದೆ. "ಈ ಕೈಯಲ್ಲಿ ಅವಳ ಪಾದ ಹೆಂಗೆ ಮುಟ್ಲೇ?" ಅಂದರು.

ಮನೆಯ ಮುಂದೆ ಜನ ಸೇರಿದ್ದರು. ನಾದಿನಿ ಬಾಗಿಲಿಗೆ ಬಂದು ನನ್ನ ಹೆಗಲ ಮೇಲೆ ಬಿದ್ದಳು. ಅತ್ತೆ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ನಮ್ಮವರು ಕಂಬ ಹಿಡಿದು ನಿಂತರು.

ನಾದಿನಿಯ ಗಂಡ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬಾಗಿಲ ಕಡೆ ತಿರುಗಿಸಿ ಕೂರಿಸಿ ಅಂದ್ರು. ಕಾದ್ರು. ಕೊನೆಗೆ ಬಾಗಿಲಿಗೇ ಕೈ ಮುಗಿದು, 'ಮಗಾ, ನನ್ನಿಂದ ನಿನ್ನ ಮನಸ್ಸು ನೊಂದಿದ್ರೆ ಕ್ಷಮಿಸು' ಅಂದ್ರು. ಯಾರೂ ಉತ್ತರ ಕೊಡದೆ ಹೋದ್ರೆ ಅವರ ಜೀವಕ್ಕೆ ಸಮಾಧಾನ ಆಗಲ್ಲ ಅಂತ, ನಿನ್ನ ಪರವಾಗಿ ನಾನೇ 'ಕ್ಷಮಿಸಿದೀನಿ' ಅಂದೆ. ಆಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ರು."

ನಮ್ಮವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಕೇಳಿದರು: "ನನ್ನ ಪರವಾಗಿ ಕ್ಷಮಿಸಿದ್ರಿ, ಸರಿ ಭಾವ. ನನ್ನ ಪರವಾಗಿ ಯಾರಾದ್ರೂ ಅವಳನ್ನ ಕ್ಷಮೆ ಕೇಳಿದ್ರಾ?"

ನಾದಿನಿಯ ಗಂಡ ತಲೆ ತಗ್ಗಿಸಿದರು. ಅದು ಯಾರಿಗೂ ಹೊಳೆದಿರಲಿಲ್ಲ.