ರೋಮ್ ನೋಡಲು ಹೋದ ಹಿರಿಯರು

ವಿಜಾಪುರ ಜಿಲ್ಲೆಯ ಇಂಡಿ ಎಂಬ ಊರಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವನಿಗೆ ತೊಂಬತ್ತರ ದಶಕದ ಕೊನೆಗೆ ಸಿನಿಮಾ ತೆಗೆಯುವ ಹುಚ್ಚು ಹತ್ತಿತು. ಆ ಹುಚ್ಚು ಬಿಡಿಸಲು ನಾನು ಕೈ ಹಾಕಲಿಲ್ಲ, ಯಾಕೆಂದರೆ ಹೀರೋ ನಾನೇ. ಸಾಲಿ ಮಾಸ್ತರನಾದರೇನು, ಕನ್ನಡಿ ಮುಂದೆ ನಿಂತರೆ ನನಗೆ ಬೇರೆಯೇ ಮನುಷ್ಯ ಕಾಣುತ್ತಿದ್ದ.

ಒಂದು ಹಾಡಾದರೂ ರೋಮ್ ನಗರದಲ್ಲಿ ಆಗಬೇಕೆಂದು ಮಾವ ಹಟ ಹಿಡಿದ. ಯಾವುದೋ ಕ್ಯಾಲೆಂಡರಿನಲ್ಲಿ ಅಲ್ಲಿಯ ದುಂಡನೆಯ ದೊಡ್ಡ ಕಟ್ಟಡ ನೋಡಿದ್ದ, ಅಷ್ಟೇ ಕಾರಣ. ವಿಜಾಪುರ, ಸೊಲ್ಲಾಪುರ ಬಿಟ್ಟರೆ ಬೇರೆ ದೊಡ್ಡ ಊರು ಕಾಣದ ನನಗೆ ವಿಮಾನ ಹತ್ತಬೇಕು, ರೋಮ್ ನೋಡಬೇಕು, ಅದೊಂದೇ ಆಸೆ. ಪಾಸ್‌ಪೋರ್ಟ್ ಮಾಡಿಸಿದೆ. ದ್ರಾಕ್ಷಿ ತೋಟದಲ್ಲಿ ಕಪ್ಪು ಚಸ್ಮಾ ಹಾಕಿಕೊಂಡು ಓಡುತ್ತ ಹಾಡಿನ ತಾಲೀಮು ನಡೆಸಿದೆ. ಬಳ್ಳಿಗೆ ಕಟ್ಟಿದ ತಂತಿ ಕಾಣದೆ ಒಮ್ಮೆ ಬಿದ್ದೆ ಕೂಡ.

ಮಾವ ಗೊತ್ತುಮಾಡಿದ್ದ ನಿರ್ದೇಶಕ ಫೋನು ಮಾಡಿ, ಶೂಟಿಂಗಿಗೆ ಮೊದಲು ಯಾರಾದರೂ ಹೋಗಿ ಜಾಗ ನೋಡಿಕೊಂಡು ಬರಬೇಕು ಎಂದ. ಕೆಲಸ ಕೆಟ್ಟಿದ್ದು ಅಲ್ಲೇ. ನಮ್ಮ ಮನೆತನಕ್ಕೆ ನೋಡಿಕೊಂಡು ಬರುವ ಪದ್ಧತಿ ಒಂದೇ ಗೊತ್ತು: ಹೆಣ್ಣು ನೋಡುವುದು. ಮಾವ ಕೊಲ್ಹಾರದಿಂದ ತನ್ನ ಅಣ್ಣನನ್ನು, ನಿಡಗುಂದಿಯಿಂದ ಬೀಗರನ್ನು ಕರೆಸಿದ. ನನ್ನ ಅಪ್ಪನೂ ಸೇರಿ ನಾಲ್ವರು ಹಿರಿಯರಾದರು. ಅವರ ಪಾಸ್‌ಪೋರ್ಟೂ ಆದವು, ಪಂಚಾಂಗ ನೋಡಿದ್ದೂ ಆಯಿತು. ಅತ್ತೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟತೊಡಗಿದಳು.

“ಮಾಮಾ, ಮತ್ತ ನಾನು?” ಎಂದೆ.

“ನೀ ಯಾಕ ಬರ್ತಿ? ಮೊದಲ ಹಿರಿಯಾರು ನೋಡಿ ಒಪ್ಪಬೇಕು, ಆಮ್ಯಾಲ ಹುಡುಗ ಹೋಗೂದು. ಮೊದಲನೇ ಸಲಾನ ನೀ ಬಂದು ನಿಂತ್ರ ಆ ಊರ ಮಂದಿ ಏನ ತಿಳಕೋತಾರ?”

ನನಗೆ ಹೊಟ್ಟೆ ಉರಿದುಹೋಯಿತು. ಆದರೂ ಹಿರಿಯರಿಗೆ ಎದುರಾಡುವ ರೂಢಿಯಿರಲಿಲ್ಲ. ರೊಟ್ಟಿಗಂಟು ಹೊತ್ತುಕೊಂಡು ಹೋಗಿ ಅವರನ್ನು ವಿಮಾನ ನಿಲ್ದಾಣದ ಊರಿನ ಬಸ್ಸು ಹತ್ತಿಸಿ ಬಂದೆ.

ತಲೆಗೆ ಪಟಗ ಸುತ್ತಿಕೊಂಡು ಹೋದವರು ವಾರದ ಮೇಲೆ ತಿರುಗಿ ಬಂದರು. ಕೊಲ್ಹಾರದ ದೊಡ್ಡ ಮಾವ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ತೀರ್ಪು ಕೊಟ್ಟ: “ಮಂದಿ ಚಲೋ ಅದಾರ. ಆದ್ರ ಎಲ್ಲಿ ನೋಡಿದ್ರೂ ಗ್ವಾಡಿ ಬಿದ್ದಾವ. ಸಾವಿರಾರು ವರ್ಷ ಆತಂತ, ಒಬ್ಬರೂ ಒಂದು ಕಲ್ಲ ಎತ್ತಿ ಇಟ್ಟಿಲ್ಲ! ನಮ್ಮ ಕೊಲ್ಹಾರ ಡ್ಯಾಮಿನ ನೀರಾಗ ಮುಳುಗಿದ್ರ ನಾವು ಹೊಸಾದ ಕಟ್ಟಕೊಳ್ಳಲಿಲ್ಲೇನು? ಇವರಿಗೇನ ಧಾಡಿ? ಅಂಥಲ್ಲಿ ನಮ್ಮ ಹುಡುಗನ್ನ ಕುಣಿಸೂದು ಬ್ಯಾಡ.”

ರೋಮ್ ಬೇಡವಾಯಿತು. ಬೇರೆ ಊರು ನೋಡೋಣ ಎಂದರು, ಯಾವುದೂ ಕೂಡಿಬರಲಿಲ್ಲ. ಮಾವನ ಹುಚ್ಚು ಹತ್ತಿದ ಹಾಗೆಯೇ ಇಳಿಯಿತು. ನಾನು ಇಂದಿಗೂ ವಿಮಾನ ಹತ್ತಿಲ್ಲ.

ಅವರು ತಂದ ಫೋಟೋಗಳನ್ನು ಸಿಟ್ಟಿಗೆ ನಾನು ಮುಟ್ಟಿರಲಿಲ್ಲ. ಅತ್ತೆಯೇ ತಂದು ಕೈಗೆ ಕೊಟ್ಟಳು. ಬಿದ್ದ ಗೋಡೆಗಳ ಮುಂದೆ ನಾಲ್ವರೂ ಬಿಗಿದುಕೊಂಡು ನಿಂತಿದ್ದರು. ಆದರೆ ಪ್ರತಿಯೊಂದರಲ್ಲೂ ಇಬ್ಬರು ಆ ಕಡೆ, ಇಬ್ಬರು ಈ ಕಡೆ, ನಡುವೆ ಒಬ್ಬ ನಿಲ್ಲುವಷ್ಟು ಜಾಗ ಖಾಲಿ.

“ನಿಂದ ಜಾಗ ಅದು,” ಎಂದ ಮಾವ, ಬೇರೆ ಕಡೆ ನೋಡುತ್ತ. “ಯಾವಾಕಿನೋ ಮೇಮಸಾಬ ಬಂದು ನಡುವ ನಿಂದ್ರಾಕ ಹೊಂಟಿದ್ಲು. ನಿಮ್ಮಪ್ಪ ಬೈದು ಕಳಿಸಿದ.”

ಅಪ್ಪ ಯಾವ ಭಾಷೆಯಲ್ಲಿ ಬೈದನೋ. ನಗುತ್ತ ನಗುತ್ತ ನನಗೆ ಅಳು ಬಂದುಬಿಟ್ಟಿತು.

ಇಂಡಿಯ ಸ್ಟುಡಿಯೋದವನು ನನ್ನನ್ನು ಕತ್ತರಿಸಿ ಆ ಜಾಗದಲ್ಲಿ ಅಂಟಿಸಿಕೊಟ್ಟ. ಕಾಲು ನೆಲಕ್ಕೆ ತಾಗಿಲ್ಲ. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, “ನಮ್ಮ ಹುಡುಗ ರೋಮಿಗೆ ಹೋದಾಗ ತೆಗದಿದ್ರಿ,” ಎನ್ನುತ್ತಾಳೆ. ಊಟ ಹೇಗಿತ್ತು ಎಂದು ಅವರು ಕೇಳುತ್ತಾರೆ. ಮನೆಯಿಂದಲೇ ರೊಟ್ಟಿ ಒಯ್ದಿದ್ದೆವು ಎನ್ನುತ್ತೇನೆ.