ಹುಬ್ಬು ನೋಡಿ ಪಾಠ ಹೇಳಿದ ಅಕ್ಕ

ಎದುರು ಮನೆ ಅಕ್ಕನ ಬಲಗೈಯ ಅಂಚು ಯಾವಾಗಲೂ ನೀಲಿಯಾಗಿರುತ್ತಿತ್ತು. ಬೋರ್ಡು ಒರೆಸಲು ಡಸ್ಟರ್ ಇದ್ದರೂ ಅವರಿಗೆ ಕೈಯೇ ಆಗಬೇಕು. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಮಾರ್ಕರಿನ ಶಾಯಿ. ಅದೇ ಕೈಯಲ್ಲಿ ನೀರುದೋಸೆ ತಂದುಕೊಡುತ್ತಿದ್ದರು, ನನ್ನ ಗಂಡ ಹೊಗಳಿ ಹೊಗಳಿ ತಿನ್ನುತ್ತಿದ್ದರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಷ್ಟು ರುಚಿಯಾಗಿತ್ತು ಎನ್ನುವುದೇ ಕಾರಣ.

ನಾವಿದ್ದದ್ದು ಕೊಲ್ಲಿ ನಾಡಿನ ದೋಹಾ ನಗರದಲ್ಲಿ, ದೋಹಾ ಅಲ್ ಜದೀದಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ, ಎದುರುಬದುರು ಬಾಗಿಲು. ಅವರು ಮಂಗಳೂರು ಕಡೆಯವರು, ಮನೆಮಾತು ತುಳು. ನಾನು ಮೈಸೂರಿನವಳು, ಅವರಿಗಿಂತ ಸ್ವಲ್ಪ ಚಿಕ್ಕವಳು. ಇಬ್ಬರೂ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು, ಇಬ್ಬರೂ ಗಂಡನ ವೀಸಾದ ಮೇಲೆ ಬಂದವರು. ಆ ವೀಸಾದಲ್ಲಿ ನಾವು ಕೆಲಸಕ್ಕೆ ಸೇರುವಂತಿರಲಿಲ್ಲ. ಓದಿದ್ದೆಲ್ಲ ಮಣ್ಣುಪಾಲಾಯಿತೆಂದು ನಾನು ಮನೆಯೊಳಗೆ ಗೊಣಗುತ್ತಾ ಕೂತಿದ್ದೆ. ಅಕ್ಕ ಹಜಾರದ ಗೋಡೆಗೆ ಬಿಳಿ ಬೋರ್ಡು ಹೊಡೆಸಿ ಕಟ್ಟಡದ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ಕೆಳಗಿನ ಮಹಡಿಯ ಈಜಿಪ್ಟಿನವರ ಹುಡುಗರು, ಫಿಲಿಪೀನೋ ನರ್ಸಿನ ಮಗಳು, ದಿನಸಿ ಅಂಗಡಿಯ ಮಲಯಾಳಿಯ ಮಗ, ಕೊನೆಗೆ ನನ್ನ ಮಗಳೂ. ಅಕ್ಕನಿಗೆ ಮಕ್ಕಳಿರಲಿಲ್ಲ. ಅದಕ್ಕಾದರೂ ಅಯ್ಯೋ ಪಾಪ ಅನ್ನೋಣವೆಂದರೆ ಎಲ್ಲರ ಮಕ್ಕಳೂ ಅವರ ಮನೆಯಲ್ಲೇ ಇರುತ್ತಿದ್ದರು.

ಅವರ ಇಂಗ್ಲಿಷು ಕೇಳಿದ್ದರೆ ನನ್ನ ಕಾನ್ವೆಂಟಿನ ಸಿಸ್ಟರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಒಂದು ವಿಷಯ ಹೇಳುವುದು, ಮಕ್ಕಳ ಮುಖ ನೋಡುವುದು, "ಅಂಡರ್‌ಸ್ಟ್ಯಾಂಡ್? ನೋ? ಓಕೆ, ವನ್ ಮೋರ್ ಟೈಮ್" ಎನ್ನುವುದು. ಈ ವನ್ ಮೋರ್ ಟೈಮ್ ಸಂಜೆಯೆಲ್ಲ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಒಂದು ದಿನ ನಾನೇ ಮಗಳಿಗೆ ಭಿನ್ನರಾಶಿ ಹೇಳಿಕೊಡಲು ಕೂತರೆ ಅವಳು, "ಅಮ್ಮಾ, ನೀನು ಹೇಳಿದ್ರೆ ನಂಗೆ ಇನ್ನೂ ಕನ್‌ಫ್ಯೂಸ್ ಆಗತ್ತೆ. ಆಂಟಿ ಹತ್ರ ಹೋಗ್ಲಾ?" ಎಂದಳು. ಹೋಗು ಎಂದೆ.

ಅಮೆರಿಕದ ವಿಶ್ವವಿದ್ಯಾಲಯವೊಂದರ ಸುದ್ದಿ ತಂದವಳು ನಾನೇ. ಅಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಎಂದು ಕೊಡುತ್ತಾರೆ. ಮೊದಲ ವರ್ಷದ ಹುಡುಗರಿಗೆ ಪಾಠ ಮಾಡಿದರೆ ಫೀಸು ಕಟ್ಟಬೇಕಿಲ್ಲ, ಮೇಲೆ ಸಂಬಳ. ಅದಿಲ್ಲದೆ ಹೋಗುವ ಶಕ್ತಿ ನಮ್ಮ ಎರಡು ಮನೆಗೂ ಇರಲಿಲ್ಲ. ಹೊರದೇಶದವರು ಮೊದಲು ಇಂಗ್ಲಿಷ್ ಪರೀಕ್ಷೆ ದಾಟಬೇಕು. ಇದನ್ನೆಲ್ಲ ಅಕ್ಕನ ಮುಂದೆ ಜಂಭದಿಂದ ಹೇಳಿದೆ. ಅವರು ಮಾರ್ಕರಿಗೆ ಮುಚ್ಚಳ ಹಾಕುತ್ತಾ, "ಹೌದಾ? ಹಾಗಾದ್ರೆ ನನಗೂ ಒಂದು ಅರ್ಜಿ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎಂದರು.

"ಹಾಕಿ ಅಕ್ಕ, ಅದಕ್ಕೇನಂತೆ," ಎಂದೆ. ಈ ಇಂಗ್ಲಿಷಿಗೆ ಯಾರು ಕರೆಯುತ್ತಾರೆ ಎಂಬ ಧೈರ್ಯ ನನಗೆ.

ಇಬ್ಬರೂ ಅರ್ಜಿ ಹಾಕಿದೆವು. ಇಂಗ್ಲಿಷ್ ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಜೊತೆ ಮಾತಾಡಬೇಕಿತ್ತು. ನನಗದು ಸಲೀಸು. ಹೊರಗೆ ಬಂದಾಗ ಅಕ್ಕನ ಮುಖ ಬಾಡಿತ್ತು. "ಮುಖವೇ ಇಲ್ಲದ್ದರ ಹತ್ರ ಎಂತ ಮಾತಾಡುವುದು? ಅದಕ್ಕೆ ಅರ್ಥ ಆಯ್ತಾ ಇಲ್ವಾ ಅಂತ ನಮಗೆ ಗೊತ್ತಾಗುವುದು ಹೇಗೆ?" ಮಾತಿನ ಪರೀಕ್ಷೆಯಲ್ಲಿ ಅವರು ಅಂಚಿನಲ್ಲಿ ಪಾಸಾದರು, ನನ್ನ ಅಂಕ ಎಲ್ಲೋ ಮೇಲಿತ್ತು. ಆ ವಾರ ಅಕ್ಕನ ಮೇಲೆ ನನಗೆ ತುಂಬ ಪ್ರೀತಿ ಬಂತು. ಕೇಸರಿಬಾತ್ ಮಾಡಿ ಕೊಟ್ಟೆ.

ಆದರೆ ಅಲ್ಲಿಯ ಗಣಿತ ವಿಭಾಗದವರು, ಅಸಿಸ್ಟೆಂಟ್‌ಶಿಪ್ಪಿನ ಒಂದೇ ಜಾಗ ಉಳಿದಿದೆ, ಇಬ್ಬರೂ ಫೋನಿನಲ್ಲಿ ಒಂದು ಸಣ್ಣ ಪಾಠ ಮಾಡಿ ತೋರಿಸಿ ಎಂದರು. ಮೊದಲ ಸರದಿ ನನ್ನದು. ಕ್ಯಾಲ್ಕ್ಯುಲಸ್ಸಿನ ಲಿಮಿಟ್ ಎಂದರೇನು ಎಂಬುದನ್ನು ಎಲ್ಲೂ ತಡವರಿಸದೆ ಹೇಳಿ ಮುಗಿಸಿದೆ. ಪ್ರೊಫೆಸರ್ ನನ್ನ ಇಂಗ್ಲಿಷನ್ನು ಮೆಚ್ಚಿ ಥ್ಯಾಂಕ್ಸ್ ಹೇಳಿದರು. ಗೆದ್ದೆ ಎಂದುಕೊಂಡೆ.

ಮರುದಿನ ಸಂಜೆ ಅಕ್ಕ ಬಂದು ಕೈ ಹಿಡಿದರು. "ನೀನು ಬಂದು ನನ್ನ ಎದುರು ಕೂತ್ಕೊಳ್ತೀಯಾ? ಒಂದು ಮುಖ ಕಾಣದಿದ್ರೆ ನನಗೆ ಪಾಠ ಬರುವುದಿಲ್ಲ." ಹೋದೆ. ಅವರು ಸೋಲುವುದನ್ನು ಕಣ್ಣಾರೆ ನೋಡುವ ಆಸೆ.

ಕಿಟಕಿಯ ಎ.ಸಿ.ಯ ಗದ್ದಲ ಫೋನಿಗೆ ಕೇಳಬಾರದೆಂದು ಆರಿಸಿದ್ದರು. ಬೇಸಿಗೆ ಶುರುವಾಗಿತ್ತು, ಇಬ್ಬರೂ ಬೆವರುತ್ತಿದ್ದೆವು. ಸೊನ್ನೆಯಿಂದ ಯಾಕೆ ಭಾಗಿಸಬಾರದು, ಇದು ಅಕ್ಕ ಆರಿಸಿದ ಪಾಠ. ಮೇಜಿನ ಮೇಲಿದ್ದ ಖರ್ಜೂರದ ಡಬ್ಬಿ ಎಳೆದುಕೊಂಡು ತಮ್ಮ ಇಂಗ್ಲಿಷಿನಲ್ಲೇ ಶುರು ಮಾಡಿದರು. ಡಬ್ಬಿಯಲ್ಲಿ ಹನ್ನೆರಡು ಖರ್ಜೂರ. ಸಲಕ್ಕೆ ಮೂರರಂತೆ ತೆಗೆದರೆ ನಾಲ್ಕು ಸಲಕ್ಕೆ ಡಬ್ಬಿ ಖಾಲಿ. ಭಾಗಾಕಾರ ಎಂದರೆ ಇಷ್ಟೇ. ಟೇಕ್ ಥ್ರೀ, ಟೇಕ್ ಥ್ರೀ ಎನ್ನುವ ಆ ಇಂಗ್ಲಿಷಿಗೆ ನನ್ನ ಹುಬ್ಬು ಗಂಟಿಕ್ಕಿತು. ಅಕ್ಕ ಅದನ್ನು ಕಂಡರು. "ನೋ? ಓಕೆ, ವನ್ ಮೋರ್ ಟೈಮ್." ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ, ಈ ಸಲ ಖರ್ಜೂರಗಳನ್ನು ಮೂರು ಮೂರಾಗಿ ನನ್ನ ಅಂಗೈಗೇ ಹಾಕುತ್ತಾ ಹೇಳಿದರು. ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಅದು ತಿಳಿದು ನನ್ನ ಹುಬ್ಬು ಇನ್ನಷ್ಟು ಬಿಗಿಯಿತು.

ಆಮೇಲೆ ಎಲ್ಲವನ್ನೂ ಡಬ್ಬಿಗೆ ವಾಪಸು ಸುರಿದು, ಈಗ ಸಲಕ್ಕೆ ಸೊನ್ನೆ ತೆಗೆಯೋಣ ಎಂದರು. ಡಬ್ಬಿಗೆ ಕೈ ಹಾಕಿ, ಬರಿಗೈ ತೆಗೆದು, ನನ್ನ ಅಂಗೈ ಮೇಲೆ ಬಿಚ್ಚಿದರು. ಮತ್ತೊಮ್ಮೆ. ಮತ್ತೊಮ್ಮೆ. "ಬಾಕ್ಸ್ ಎಂಪ್ಟಿ? ನೋ. ಟುಮಾರೋ ಎಂಪ್ಟಿ? ನೋ." ಎಷ್ಟು ಸಲ ತೆಗೆದರೂ ಡಬ್ಬಿ ಖಾಲಿಯಾಗದು, ಅದಕ್ಕೇ ಎಷ್ಟು ಸಲ ಎಂಬುದಕ್ಕೆ ಉತ್ತರವಿಲ್ಲ ಎಂದಾಗ ಫೋನಿನ ಆ ಕಡೆ ಪ್ರೊಫೆಸರ್ ಜೋರಾಗಿ ನಕ್ಕರು. ನನ್ನ ಖಾಲಿ ಅಂಗೈ ಹಾಗೇ ಚಾಚಿಕೊಂಡಿತ್ತು. ಸೊನ್ನೆಯ ಈ ವಿಷಯ ನನಗೂ ಅಷ್ಟು ಚೆನ್ನಾಗಿ ಅರ್ಥವಾದದ್ದು ಅವತ್ತೇ. ಹೊಟ್ಟೆ ಉರಿದುಹೋಯಿತು.

ಜಾಗ ಅಕ್ಕನಿಗೆ ಸಿಕ್ಕಿತು. ನನಗೆ ಸೀಟು ಕೊಟ್ಟರು, ಅಸಿಸ್ಟೆಂಟ್‌ಶಿಪ್ ಕೊಡಲಿಲ್ಲ. ಎಂದರೆ ಏನೂ ಕೊಡಲಿಲ್ಲ. ಹೊರಡುವ ದಿನ ಅಕ್ಕ ಬೋರ್ಡನ್ನೂ ಮಕ್ಕಳನ್ನೂ ನನಗೆ ಒಪ್ಪಿಸಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕನನ್ನು ಅಗಲುವ ದುಃಖವೆಂದು ಗಂಡ ಬೆನ್ನು ಸವರಿ ಸಮಾಧಾನ ಮಾಡಿದರು. ಅವರಿಗೇನು ಗೊತ್ತು, ಪಾಪ.

ಅಮೆರಿಕದಿಂದ ಅಕ್ಕ ಒಮ್ಮೆ ಫೋನ್ ಮಾಡಿದ್ದರು. "ಇಲ್ಲಿಯ ಮಕ್ಕಳು ಎಲ್ಲದಕ್ಕೂ ತಲೆ ಆಡಿಸ್ತಾರೆ ಮಾರಾಯ್ತಿ. ನಿನ್ನ ಹಾಗೆ ಹುಬ್ಬು ಗಂಟು ಹಾಕುವವರು ಸಿಕ್ಕುವುದಿಲ್ಲ. ಅವತ್ತು ನಾನು ಪಾಸಾದದ್ದೇ ನಿನ್ನ ಹುಬ್ಬಿನಿಂದ."

"ಅರ್ಥ ಆಗದೆ ಗಂಟು ಹಾಕಿದೆ ಅಂದ್ಕೊಂಡ್ರಾ ಅಕ್ಕ?" ತಡೆಯಲಾರದೆ ಕೇಳಿಬಿಟ್ಟೆ.

"ಯಾಕೆ ಅಂತ ನಾನು ಯಾರ ಹತ್ರವೂ ಕೇಳುವುದಿಲ್ಲ. ಗಂಟು ಕಂಡ್ರೆ ಇನ್ನೊಮ್ಮೆ ಹೇಳುವುದು, ಅಷ್ಟೇ."

ಅಕ್ಕ ಈಗಿಲ್ಲ. ಅಲ್ಲೇ ಪ್ರೊಫೆಸರ್ ಆಗಿ, ಅಲ್ಲೇ ತೀರಿಕೊಂಡರು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ನಾನು ಪಡುತ್ತೇನೆ. ಅವರು ಬಿಟ್ಟುಹೋದ ಬೋರ್ಡಿನ ಮುಂದೆ ಇಷ್ಟು ವರ್ಷ ನಿಂತು ನನ್ನ ಬಲಗೈಯ ಅಂಚೂ ನೀಲಿಯಾಗಿದೆ. ಮೊನ್ನೆ ಒಬ್ಬ ಹುಡುಗಿಗೆ ಭೇಷ್ ಎಂದೆ. ಅವಳ ಪಕ್ಕದಲ್ಲಿ ಕೂತವಳು ನನ್ನನ್ನೇ ನೋಡುತ್ತಾ ಹುಬ್ಬು ಗಂಟಿಕ್ಕಿದಳು. ಲೆಕ್ಕ ಅರ್ಥವಾಗಲಿಲ್ಲವೋ, ಹೊಟ್ಟೆ ಉರಿಯಿತೋ. ನಾನು ಕೇಳಲಿಲ್ಲ. ಕೈಯಿಂದಲೇ ಬೋರ್ಡು ಒರೆಸಿ ಇನ್ನೊಮ್ಮೆ ಹೇಳಿದೆ.